ಒಂದು ಅಂಕದ ಪ್ರಶ್ನೆ

ಸಮಾಜ ವಿಜ್ಞಾನದ ಪ್ರಶ್ನೆಪತ್ರಿಕೆ ತೆಗೆಯುವವರಿಗೆ ತಲೆ ಕೆರೆದುಕೊಳ್ಳದೆ ಸಿಗುವ ಪ್ರಶ್ನೆಯೊಂದಿದೆ. ಭಾರತಕ್ಕೆ ಜಲಮಾರ್ಗವನ್ನು ಕಂಡುಹಿಡಿದವರು ಯಾರು? ಅಂಕ ಒಂದು. ಉತ್ತರವೂ ಒಂದೇ. ವರ್ಷವಿಡೀ ಪುಸ್ತಕದ ರಟ್ಟು ತೆರೆಯದ ಹುಡುಗನಿಗೂ ಇದು ಗೊತ್ತಿರುತ್ತದೆ. ವಾಸ್ಕೋ ಡ ಗಾಮ ಎಂದು ಬರೆದು, ನಡುವೆ ಒಂದು ಒತ್ತಕ್ಷರ ತಪ್ಪಿಸಿದರೂ, ಅಂಕ ಗಿಟ್ಟಿಸಿಕೊಳ್ಳುತ್ತಾನೆ. ಹುಡುಗಿಯಾಗಿದ್ದಾಗ ನಾನೂ ಬರೆದಿದ್ದೆ, ಮೇಷ್ಟರು ಸರಿ ಗುರುತು ಹಾಕಿದ್ದರು. ಬಿ.ಎ., ಬಿ.ಎಡ್. ಮುಗಿಸಿ ನಾನೇ ಕೆಂಪು ಪೆನ್ನು ಹಿಡಿದ ಮೇಲೆ ಈ ಇಪ್ಪತ್ತೊಂಬತ್ತು ವರ್ಷಗಳಲ್ಲಿ ಆ ಉತ್ತರಕ್ಕೆ ಎಷ್ಟು ಸಾವಿರ ಸಲ ಸರಿ ಗುರುತು ಹಾಕಿದೆನೋ ಲೆಕ್ಕವಿಟ್ಟಿಲ್ಲ. ತಪ್ಪು ಗುರುತು ಹಾಕಿದ ಒಂದು ಸಲ ಮಾತ್ರ ಚೆನ್ನಾಗಿ ನೆನಪಿದೆ.

ಅದು 1998. ಗಾಮ ಕಲ್ಲಿಕೋಟೆಗೆ ಬಂದು ಐನೂರು ವರ್ಷ ತುಂಬಿದ ವರ್ಷ. ಲಿಸ್ಬನ್ನಿನಲ್ಲಿ ಅವನ ಹೆಸರಿನ ದೊಡ್ಡ ಸೇತುವೆ ತೆರೆದರು. ಇತ್ತ ಕೇರಳದಲ್ಲೂ ಗೋವಾದಲ್ಲೂ ಅವನ ಉತ್ಸವ ನಮಗೆ ಬೇಡವೆಂದು ಜನ ಪ್ರತಿಭಟನೆ ಮಾಡಿದರು. ಉತ್ತರ ಕನ್ನಡದ ಕರಾವಳಿಯ ಒಂದು ಊರಿನಲ್ಲಿ ನಾನು ಕೆಲಸಕ್ಕೆ ಸೇರಿ ಆಗ ಮೂರು ವರ್ಷ. ಹೊಸ ಹುರುಪು. ಪಾಠದ ನಡುವೆ ಪುಸ್ತಕದಲ್ಲಿಲ್ಲದ ಕತೆಗಳನ್ನು ಸೇರಿಸಿ ಹೇಳುವ ಚಟ. ಗಾಮನ ಪಾಠ ಮಾಡುವಾಗ, ಆಫ್ರಿಕಾದ ಪೂರ್ವ ತೀರದ ಮಲಿಂದಿ ಎಂಬ ಬಂದರಿನಲ್ಲಿ ಅವನಿಗೆ ಅಲ್ಲಿಯ ಅರಸ ಒಬ್ಬ ದಾರಿ ಬಲ್ಲ ನಾವಿಕನನ್ನು ಕೊಟ್ಟ, ಆ ನಾವಿಕನೇ ಹಡಗನ್ನು ಕಲ್ಲಿಕೋಟೆಗೆ ತಂದು ಮುಟ್ಟಿಸಿದ ಎಂದು ಹೇಳಿದ್ದೆ. ಹೇಳಿ ಮರೆತಿದ್ದೆ.

ಅರ್ಧವಾರ್ಷಿಕ ಪರೀಕ್ಷೆ ಬಂತು. ಆ ಪ್ರಶ್ನೆಯೂ ಬಂತು. ಮೀನುಗಾರರ ಮನೆಯ ಹುಡುಗನೊಬ್ಬ ಹೀಗೆ ಬರೆದಿದ್ದ: 'ಯಾರೂ ಕಂಡುಹಿಡಿಯಲಿಲ್ಲ. ವಾಸ್ಕೋ ಡ ಗಾಮ ದಾರಿ ಕೇಳಿಕೊಂಡು ಬಂದ.' ನಾನು ಅಡ್ಡಗೆರೆ ಎಳೆದು ಸೊನ್ನೆ ಹಾಕಿದೆ. ಪೇಪರು ಹಂಚಿದ ದಿನ ಅವನು ಮೇಜಿನ ಹತ್ತಿರ ಬಂದು ನಿಂತ. 'ನೀವೇ ಹೇಳಿದ್ರಲ್ಲ ಟೀಚರ್' ಅಂದ. ಜಗಳದ ದನಿಯಲ್ಲ, ನಿಜಕ್ಕೂ ತಿಳಿಯದೆ ಕೇಳಿದ್ದು. ನಾನು, 'ಕತೆ ಬೇರೆ, ಪರೀಕ್ಷೆ ಬೇರೆ. ಪುಸ್ತಕದಲ್ಲಿ ಇದ್ದದ್ದು ಬರೀಬೇಕು' ಅಂದೆ. ಹೋಗಿ ಕೂತ. ಆ ಒಂದು ಅಂಕದಿಂದ ಅವನಿಗೇನೂ ನಷ್ಟವಾಗಲಿಲ್ಲ, ಪಾಸಾದ. ಆದರೆ ಆ ವರ್ಷ ಮುಗಿಯುವವರೆಗೂ ಅವನು ತರಗತಿಯಲ್ಲಿ ಮತ್ತೆ ಬಾಯಿ ತೆರೆಯಲಿಲ್ಲ. ಅದನ್ನು ನಾನು ಗಮನಿಸಿದ್ದು ಕೂಡ ಬಹಳ ತಡವಾಗಿ.

ಈ ಲೇಖನ ಆ ಸೊನ್ನೆಯ ವಿಚಾರವಾಗಿ. ಸೊನ್ನೆ ಬರಬೇಕಾದದ್ದು ಅವನಿಗಲ್ಲ, ಪ್ರಶ್ನೆಗೆ ಎಂದು ನನ್ನ ವಾದ.

ಗಾಮನಿಗೆ ಸಲ್ಲಬೇಕಾದದ್ದನ್ನು ಮೊದಲು ಸಲ್ಲಿಸಿಬಿಡುತ್ತೇನೆ, ಇಲ್ಲವಾದರೆ ಅನ್ಯಾಯವಾದೀತು. 1497ರ ಜುಲೈ 8ರಂದು ನಾಲ್ಕು ಹಡಗು, ಸುಮಾರು 170 ಜನರೊಂದಿಗೆ ಅವನು ಲಿಸ್ಬನ್ ಬಿಟ್ಟ. ಆಫ್ರಿಕಾದ ದಕ್ಷಿಣ ತುದಿಯನ್ನು ಅವನದೇ ದೇಶದ ಬಾರ್ತೊಲೊಮಿಯು ಡಯಾಸ್ 1488ರಲ್ಲೇ ಸುತ್ತಿ ನೋಡಿ ಬಂದಿದ್ದ. ಆದರೆ ಗಾಮ ತೀರವನ್ನೇ ಹಿಡಿದು ಇಳಿಯಲಿಲ್ಲ. ಗಾಳಿಯ ಬೆನ್ನು ಹಿಡಿದು ಅಟ್ಲಾಂಟಿಕ್ ಸಾಗರದ ನಡುವಿಗೆ ನುಗ್ಗಿ, ದೊಡ್ಡದೊಂದು ಬಿಲ್ಲಿನಂತೆ ಬಾಗಿ ಬಂದ. ಆಗಸ್ಟ್ ಮೊದಲ ವಾರದಿಂದ ನವೆಂಬರ್ ಮೊದಲ ವಾರದವರೆಗೆ, ಮೂರು ತಿಂಗಳು, ಅವನ ಜನರಿಗೆ ನೆಲ ಕಾಣಲಿಲ್ಲ. 1492ರಲ್ಲಿ ಕೊಲಂಬಸ್ ನೆಲ ಕಾಣದೆ ಸಾಗಿದ್ದು ಐದು ವಾರ ಅಷ್ಟೆ. ಕಡಲ ಮೇಲೆ ಬದುಕುವವರನ್ನು ಕೇಳಿ, ಇದು ಎಂಥ ಎದೆಗಾರಿಕೆ ಎಂದು ಅವರು ಹೇಳುತ್ತಾರೆ. ಲಿಸ್ಬನ್ನಿನಿಂದ ಆಫ್ರಿಕಾದ ತುದಿಯವರೆಗಿನ ಆ ದಾರಿಗೆ ಅವನ ಹೆಸರಿಡಿ, ನನ್ನ ತಕರಾರಿಲ್ಲ.

ತಕರಾರು ಇರುವುದು ಅಲ್ಲಿಂದ ಮುಂದೆ. ತುದಿಯನ್ನು ಸುತ್ತಿ ಪೂರ್ವ ತೀರಕ್ಕೆ ಬಂದದ್ದೇ, ಗಾಮ ಅಜ್ಞಾತ ಕಡಲಿನಿಂದ ಸಂತೆಗೆ ಬಂದಂತಾಯಿತು. ಮೊಜಾಂಬಿಕ್, ಮೊಂಬಾಸಾ, ಮಲಿಂದಿ ಎಲ್ಲವೂ ಬಂದರು ಪಟ್ಟಣಗಳು. ಅಲ್ಲಿಯ ನಾವಿಕರ ಬಳಿ ದಿಕ್ಸೂಚಿ ಇತ್ತು, ನಕ್ಷತ್ರದ ಎತ್ತರ ಅಳೆಯುವ ಸಾಧನವಿತ್ತು, ಕಡಲ ನಕಾಶೆಗಳಿದ್ದವು. ಇದನ್ನು ಹೇಳುತ್ತಿರುವುದು ನಾನಲ್ಲ, ಗಾಮನ ವೈರಿಗಳೂ ಅಲ್ಲ. ಅವನ ಹಡಗುಗಳಲ್ಲೇ ಇದ್ದವನೊಬ್ಬ ಬರೆದಿಟ್ಟ ದಿನಚರಿ ಹೇಳುತ್ತದೆ. ಆ ದಿನಚರಿಯ ಇಂಗ್ಲಿಷ್ ಅನುವಾದ 1898ರಷ್ಟು ಹಿಂದೆಯೇ ಅಚ್ಚಾಗಿದೆ. ನಮ್ಮ ಪಠ್ಯಗಳನ್ನು ಬರೆದವರಿಗೆ ಅದು ಸಿಗದೆ ಇರಲು ಕಾರಣ ನನಗೆ ಹೊಳೆಯುವುದಿಲ್ಲ. ಮಲಿಂದಿಯ ರೇವಿನಲ್ಲಿ ಆ ಹೊತ್ತಿಗೆ ಭಾರತದಿಂದ ಬಂದ ನಾಲ್ಕು ಹಡಗುಗಳು ನಿಂತಿದ್ದವು ಎಂದೂ ಅದರಲ್ಲಿದೆ. ಭಾರತಕ್ಕೆ ದಾರಿ ಕಂಡುಹಿಡಿಯಲು ಹೊರಟವನು ದಾರಿಯಲ್ಲೇ ಭಾರತದ ಹಡಗುಗಳ ಪಕ್ಕ ಲಂಗರು ಹಾಕಿದ! ಇದಕ್ಕಿಂತ ಹೆಚ್ಚಿನ ಸಾಕ್ಷಿ ಬೇಕೆ?

ಮಲಿಂದಿಯ ಅರಸ ಕೊಟ್ಟ ನಾವಿಕ ಯಾರು ಎಂಬುದರ ಮೇಲೆ ಪಂಡಿತರಲ್ಲಿ ಚರ್ಚೆಯಿದೆ. ಅವನು ಹೆಸರುವಾಸಿ ಅರಬ್ ನಾವಿಕ ಇಬ್ನ್ ಮಜೀದ್ ಎಂದು ಬಹಳ ಕಾಲ ಬರೆದುಕೊಂಡು ಬಂದರು. ಈಗಿನ ಇತಿಹಾಸಕಾರರು ಅದನ್ನು ಒಪ್ಪುವುದಿಲ್ಲ. ಪೋರ್ಚುಗೀಸರದೇ ಹಳೆಯ ಬರಹಗಳು ಅವನನ್ನು ಗುಜರಾತಿನವನು ಎನ್ನುತ್ತವೆ. ಗಾಮನ ಅಣ್ಣ ಪಾವ್ಲೊನ ಹೆಸರಿದೆ, ಸಣ್ಣ ಹಡಗಿನ ಕಪ್ತಾನ ನಿಕೊಲಾವ್ ಕೊಯೆಲ್ಹೊನ ಹೆಸರಿದೆ, ಆ ಹಡಗುಗಳ ಹೆಸರುಗಳೂ ಇವೆ. ದಾರಿ ತೋರಿಸಿದವನು ಮಾತ್ರ ಐನೂರು ವರ್ಷಗಳಿಂದ ಬರೇ 'ಒಬ್ಬ ನಾವಿಕ'. ಅವನು 1498ರ ಏಪ್ರಿಲ್ 24ರಂದು ಮಲಿಂದಿಯಿಂದ ಹೊರಡಿಸಿದ. ಇಪ್ಪತ್ತಮೂರು ದಿನ ನಡುಗಡಲಿನಲ್ಲಿ ನಡೆಸಿ ಮಲಬಾರಿನ ಬೆಟ್ಟ ತೋರಿಸಿದ. ಮೇ 20ರಂದು ಕಲ್ಲಿಕೋಟೆಯ ಬಳಿ ಹಡಗು ನಿಂತಿತು. ಮಳೆಗಾಲ ಕಟ್ಟುವುದಕ್ಕೆ ಮೊದಲು, ಕೊನೆಯ ಗಳಿಗೆಯಲ್ಲಿ. ಮೇ ತಿಂಗಳ ಆ ದಿನಗಳು ಎಂಥವು ಎಂದು ನಮ್ಮ ಕರಾವಳಿಯ ಯಾವ ಹೆಂಗಸೂ ಹೇಳಿಯಾಳು, ಒಣಗಿಸಲು ಹಾಕಿದ ಹಪ್ಪಳವನ್ನು ಆಕಾಶ ನೋಡಿ ಒಳಗೆ ತರುವ ದಿನಗಳು.

ಕಲ್ಲಿಕೋಟೆಯಲ್ಲಿ ನಡೆದದ್ದನ್ನು ನಾನು ತರಗತಿಯಲ್ಲಿ ಹೇಳಿದರೆ ಮಕ್ಕಳು ನಗುತ್ತಾರೆ. ಹೊಸ ನೆಲದಲ್ಲಿ ಅಪಾಯವಿದ್ದರೆ ಸಾಯಲಿ ಎಂದು ಗಾಮ ಮೊದಲು ಇಳಿಸಿದ್ದು ತಾನು ಜೊತೆಗೆ ತಂದಿದ್ದ ಒಬ್ಬ ಶಿಕ್ಷೆಯಾದ ಕೈದಿಯನ್ನು. ಆ ಕೈದಿಯನ್ನು ಊರವರು ಕರೆದುಕೊಂಡು ಹೋದದ್ದು ಟ್ಯುನಿಸಿನಿಂದ ಬಂದು ನೆಲಸಿದ್ದ ಇಬ್ಬರು ಮುಸ್ಲಿಂ ವ್ಯಾಪಾರಿಗಳ ಮನೆಗೆ. ಅವರು ಸ್ಪೇನಿನ ಭಾಷೆಯಲ್ಲೇ ಮಾತನಾಡಿದರು, ದೆವ್ವ ನಿನ್ನನ್ನು ಇಲ್ಲಿಗೇಕೆ ತಂದಿತು ಎಂಬ ಅರ್ಥದಲ್ಲಿ! ಅಂದರೆ, ಕಂಡುಹಿಡಿಯಲ್ಪಟ್ಟ ಊರಿನಲ್ಲಿ ಕಂಡುಹಿಡಿಯಲು ಬಂದವರ ಪಕ್ಕದ ಮನೆಯ ಭಾಷೆ ಬಲ್ಲವರು ಮೊದಲೇ ಚಾಪೆ ಹಾಸಿ ಕೂತಿದ್ದರು. ಆಮೇಲೆ ಅರಸ ಸಾಮೂದಿರಿಗೆ ಒಪ್ಪಿಸಲು ಗಾಮ ಕಾಣಿಕೆ ತೆಗೆದ. ಪಟ್ಟೆಪಟ್ಟೆಯ ಬಟ್ಟೆಯ ಹನ್ನೆರಡು ತುಂಡು, ಕೆಲವು ಕೆಂಪು ಕುಲಾವಿ, ಆರು ಟೊಪ್ಪಿ, ಹವಳದ ನಾಲ್ಕು ಸರ, ಕೈ ತೊಳೆಯುವ ಆರು ಬೋಗುಣಿ, ಒಂದಿಷ್ಟು ಸಕ್ಕರೆ, ಎರಡು ಪೀಪಾಯಿ ಎಣ್ಣೆ, ಎರಡು ಪೀಪಾಯಿ ಜೇನು. ಅರಮನೆಯ ಅಧಿಕಾರಿಗಳು ನೋಡಿ ನಕ್ಕುಬಿಟ್ಟರು. ಮೆಕ್ಕಾದಿಂದ ಬರುವ ಬಡ ವ್ಯಾಪಾರಿಯೂ ಇದಕ್ಕಿಂತ ಹೆಚ್ಚು ಕೊಡುತ್ತಾನೆ, ಅರಸರಿಗಾದರೆ ಚಿನ್ನ ತನ್ನಿ ಎಂದರು. ಮದುವೆ ಮನೆಗೆ ಉಡುಗೊರೆ ಒಯ್ದು ಹೀಗೆ ಮುಖಭಂಗವಾದವರು ನಮ್ಮಲ್ಲೂ ಇದ್ದಾರೆ, ಅವರ ಮೇಲೆ ನನಗೆ ಕನಿಕರವಿದೆ. ಗಾಮನ ಮೇಲೆ ಇಲ್ಲ. ಒಂದು ದೇವಸ್ಥಾನಕ್ಕೆ ಹೋಗಿ ಅದನ್ನು ಇಗರ್ಜಿ ಎಂದುಕೊಂಡು ಮೊಣಕಾಲೂರಿ ಪ್ರಾರ್ಥನೆ ಮಾಡಿದ್ದೂ ಆ ದಿನಚರಿಯಲ್ಲಿದೆ. ಗೋಡೆಯ ಮೇಲಿನ ಸಂತರಿಗೆ ನಾಲ್ಕೈದು ಕೈಗಳಿರುವುದನ್ನು ಮಾತ್ರ ಬರೆದವನು ವಿಶೇಷವಾಗಿ ಗುರುತಿಸಿದ್ದಾನೆ.

ಇಷ್ಟಾದರೂ ಇದೆಲ್ಲ ನಗೆಯ ಮಾತು. ಪ್ರಶ್ನೆಯ ಸುಳ್ಳನ್ನು ಬಯಲು ಮಾಡುವ ಸಂಗತಿ ಬೇರೆಯಿದೆ, ಅದು ನಡೆದದ್ದು ನಮ್ಮ ಜಿಲ್ಲೆಯ ಎದುರಿಗೇ. ಕಾರವಾರದ ದಕ್ಷಿಣಕ್ಕೆ ಬಿಣಗಾ, ಅರ್ಗಾ ಕಡೆಯ ತೀರದಲ್ಲಿ ನಿಂತರೆ ಬರಿಗಣ್ಣಿಗೆ ಕಾಣುವ ಅಂಜದೀಪ ನಿಮಗೆ ಗೊತ್ತಿರಬಹುದು. ಆಡಳಿತಕ್ಕೆ ಗೋವಾದ್ದು, ಕಣ್ಣಿಗೆ ನಮ್ಮದು. 1961ರ ಡಿಸೆಂಬರಿನವರೆಗೂ ಅಲ್ಲಿ ಪೋರ್ಚುಗೀಸ್ ಬಾವುಟವಿತ್ತು. ಅದನ್ನು ಬಿಡಿಸಿಕೊಳ್ಳುವಾಗ ನಮ್ಮ ನೌಕಾಪಡೆಯ ಏಳು ಮಂದಿ ಪ್ರಾಣ ಕೊಟ್ಟರು. ಈಗ ನೌಕಾನೆಲೆಯ ಕಟ್ಟೆಯಿಂದ ಅದನ್ನು ನೆಲಕ್ಕೆ ಜೋಡಿಸಿದ್ದಾರೆ. 1498ರ ಸೆಪ್ಟೆಂಬರಿನಲ್ಲಿ ಗಾಮ ಅಲ್ಲಿಗೆ ಬಂದ. ಆಗಸ್ಟ್ 29ರಂದು ಕಲ್ಲಿಕೋಟೆಯಿಂದ ಜಗಳವಾಡಿಕೊಂಡು, ಅಲ್ಲಿಯ ಕೆಲವರನ್ನು ಹಿಡಿದು ಹಡಗಿಗೆ ಹಾಕಿಕೊಂಡು ಹೊರಟಿದ್ದ. ಅಂಜದೀಪದಲ್ಲಿ ಸಿಹಿನೀರು ತುಂಬಿಸಿಕೊಂಡ, ಹಡಗಿನ ತಳ ಕೆರೆಸಿದ. ಗೋವೆಯ ಒಡೆಯನ ಸೇವೆಯಲ್ಲಿದ್ದ ಯಹೂದಿಯೊಬ್ಬ ಮಾತನಾಡಿಸಲು ಬಂದರೆ ಅವನನ್ನು ಹೊಡೆದು ಬಾಯಿ ಬಿಡಿಸಿ ಲಿಸ್ಬನ್ನಿಗೆ ಒಯ್ದ. ಮುಂದೆ ಅವನು ಗಾಸ್ಪರ್ ಡ ಗಾಮ ಎಂಬ ಹೆಸರಿನಲ್ಲಿ ಅವರಿಗೇ ದುಭಾಷಿಯಾದ. ಅಕ್ಟೋಬರ್ 5ರಂದು ಗಾಮ ಅಂಜದೀಪದಿಂದ ಆಫ್ರಿಕಾಕ್ಕೆ ಹಡಗು ಬಿಟ್ಟ. ಈ ಸಲ ಮಲಿಂದಿಯ ನಾವಿಕನಂಥ ಮಾರ್ಗದರ್ಶಿ ಇರಲಿಲ್ಲ.

ಇಲ್ಲಿ ಓದುಗರು ಒಂದು ಕ್ಷಣ ನಿಲ್ಲಬೇಕು. ಬರುವಾಗ ನಡುಗಡಲು ದಾಟಲು ಹಿಡಿದದ್ದು ಇಪ್ಪತ್ತಮೂರು ದಿನ. ಹೋಗುವಾಗ ಹಿಡಿದದ್ದು ಮೂರು ತಿಂಗಳಿಗೆ ಮೂರು ದಿನ ಕಡಿಮೆ. ಅಕ್ಟೋಬರ್ 5ರಿಂದ ಜನವರಿ 2. ನೀರು ಅದೇ, ಹಡಗು ಅವೇ, ದೂರವೂ ಹೆಚ್ಚುಕಡಿಮೆ ಅಷ್ಟೇ. ಮಳೆಗಾಲದ ಪಡುಗಾಳಿ ಇಳಿದು ಮೂಡುಗಾಳಿ ಇನ್ನೂ ಏಳದ ಹೊತ್ತಿನಲ್ಲಿ ಹೊರಟದ್ದರಿಂದ ಗಾಳಿಯಿಲ್ಲದೆ ನಿಂತಲ್ಲೇ ನಿಂತರು, ಎದುರುಗಾಳಿಗೆ ಹಿಂದೆ ಬಂದರು. ಒಸಡು ಬಾತು ಹಲ್ಲು ಮುಚ್ಚಿ, ಕಾಲು ಊದಿ, ಆ ಒಂದೇ ಹಾದಿಯಲ್ಲಿ ಮೂವತ್ತು ಜನ ಸತ್ತರು. ಪ್ರತಿ ಹಡಗಿನಲ್ಲಿ ಹಾಯಿ ಎಳೆಯಲು ಏಳೆಂಟು ಜನ ಮಾತ್ರ ಉಳಿದರು. ಸಾವ್ ರಫಾಯೆಲ್ ಎಂಬ ಹಡಗನ್ನು ನಡೆಸಲು ಜನವಿಲ್ಲದೆ ತಾವೇ ಸುಟ್ಟರು. 1499ರಲ್ಲಿ ಲಿಸ್ಬನ್ ಮುಟ್ಟುವಾಗ ಹೊರಟವರಲ್ಲಿ ಅರ್ಧ ಜನವೂ ಇರಲಿಲ್ಲ. ಅಣ್ಣ ಪಾವ್ಲೊ ಕೂಡ ಹಾದಿಯಲ್ಲೇ ತೀರಿಕೊಂಡ.

ದಾರಿ ಕಂಡುಹಿಡಿದವನಿಗೆ ಅದೇ ದಾರಿಯಲ್ಲಿ ಮರಳಿ ಹೋಗಲು ತಿಳಿಯಲಿಲ್ಲವೆಂದರೆ ಏನರ್ಥ? ದಾರಿ ಎಂದರೆ ನಕಾಶೆಯ ಮೇಲೆ ಎಳೆದ ಚುಕ್ಕಿಗೆರೆ ಅಲ್ಲ. ನಮ್ಮ ಕಡಲಿನಲ್ಲಿ ದಾರಿ ಎಂದರೆ ತಿಂಗಳು. ಯಾವ ತಿಂಗಳಲ್ಲಿ ಯಾವ ಗಾಳಿ, ಯಾವಾಗ ಹೊರಡಬೇಕು, ಯಾವಾಗ ದೋಣಿ ಮೇಲೆಳೆದು ಬಲೆ ಹೆಣೆಯುತ್ತ ಕೂರಬೇಕು ಎನ್ನುವುದೇ ದಾರಿ. ನೂಲಹುಣ್ಣಿಮೆಗೆ ಕಡಲಿಗೆ ತೆಂಗಿನಕಾಯಿ ಕೊಟ್ಟ ಮೇಲೆಯೇ ಬಲೆ ಹಾಕುವ ಮನೆಗಳ ಮಕ್ಕಳಿಗೆ ಇದನ್ನು ನಾನು ಕಲಿಸಬೇಕಾಗಿಲ್ಲ. ಜೂನ್, ಜುಲೈ ಎರಡು ತಿಂಗಳು ಯಂತ್ರದ ದೋಣಿ ಕಡಲಿಗಿಳಿಯಬಾರದೆಂದು ಸರ್ಕಾರ ಈಗ ಕಾಯಿದೆ ಮಾಡಿದೆ, ಮೀನಿನ ಸಂತಾನಕ್ಕಾಗಿ. ಅವರ ಅಜ್ಜಂದಿರು ಕಾಯಿದೆಯಿಲ್ಲದೆಯೇ ಕೂರುತ್ತಿದ್ದರು. ಆ ಹುಡುಗ ಬರೆದ ಉತ್ತರದ ಹಿಂದೆ ನನ್ನ ಕತೆ ಮಾತ್ರ ಇತ್ತು ಎಂದು ನಾನು ತಿಳಿದಿದ್ದೆ. ಅವನ ಮನೆಯೂ ಇತ್ತು.

ಪಠ್ಯದ ಇನ್ನೊಂದು ನಂಬಿಕೆಯನ್ನೂ ಇಲ್ಲೇ ಹೇಳಿಬಿಡುತ್ತೇನೆ. 1453ರಲ್ಲಿ ತುರ್ಕರು ಕಾನ್‌ಸ್ಟಾಂಟಿನೋಪಲ್ ಗೆದ್ದರು, ದಾರಿ ಮುಚ್ಚಿತು, ಪಾಪ ಯುರೋಪಿನವರು ಹೊಸ ದಾರಿ ಹುಡುಕಬೇಕಾಯಿತು ಎಂದು ಬಾಯಿಪಾಠ ಮಾಡಿಸುತ್ತೇವೆ. ಮೆಣಸು ಹೋಗುತ್ತಿದ್ದ ಮುಖ್ಯ ದಾರಿ ಕೆಂಪು ಸಮುದ್ರ, ಈಜಿಪ್ಟ್, ಅಲೆಕ್ಸಾಂಡ್ರಿಯಾ, ಅಲ್ಲಿಂದ ವೆನಿಸ್. ಈಜಿಪ್ಟ್ ತುರ್ಕರ ಕೈಗೆ ಬಂದದ್ದು 1517ರಲ್ಲಿ, ಗಾಮ ಕಲ್ಲಿಕೋಟೆಗೆ ಬಂದು ಹತ್ತೊಂಬತ್ತು ವರ್ಷಗಳ ಮೇಲೆ. ಲಿಸ್ಬನ್ನಿನ ಅರಸನಿಗೆ ದಾರಿ ಮುಚ್ಚಿದ ಸಂಕಟವಲ್ಲ, ವೆನಿಸಿನವರ ಲಾಭ ತನಗೆ ಬರಲಿಲ್ಲವೆಂಬ ಸಂಕಟ. ಅಂಗಡಿಯವನ ಸಂಕಟಕ್ಕೆ ನಾವು ಧರ್ಮಸಂಕಟದ ಬಣ್ಣ ಕಟ್ಟಿದ್ದೇವೆ.

'ಕಂಡುಹಿಡಿದ' ಎನ್ನುವ ನಮ್ಮ ಕನ್ನಡ ಶಬ್ದವನ್ನು ನಾನು ಬಿಡಿಸಿ ನೋಡುವುದುಂಟು. ಕನ್ನಡ ಪಾಠವನ್ನೂ ಮಾಡಿದವಳಾದ್ದರಿಂದ ಈ ಚಾಳಿ. ಕಂಡ, ಹಿಡಿದ. ಎರಡು ಕ್ರಿಯಾಪದ. ಇಂಗ್ಲಿಷಿನವರ ಶಬ್ದಕ್ಕೆ ಮುಚ್ಚಿದ್ದನ್ನು ತೆರೆಯುವ ಅರ್ಥ ಮಾತ್ರ ಇದೆ. ನಮ್ಮ ಶಬ್ದದಲ್ಲಿ ಹಿಡಿಯುವುದೂ ಇದೆ. 1498ರಲ್ಲಿ ಕಂಡವನು 1502ರಲ್ಲಿ ಹಿಡಿಯಲು ಬಂದ. ಪಠ್ಯದಲ್ಲಿ ಮೊದಲನೆಯ ಇಸವಿ ಇರುತ್ತದೆ. ಎರಡನೆಯದಕ್ಕೆ ಜಾಗ ಸಾಲುವುದಿಲ್ಲ.

ನಡುವೆ ಒಂದು ಸಂಗತಿ ನಡೆದಿತ್ತು, ಮುಚ್ಚಿಡುವುದಿಲ್ಲ. 1500ರಲ್ಲಿ ಕಬ್ರಾಲ್ ಎಂಬವನು ಬಂದಾಗ ಕಲ್ಲಿಕೋಟೆಯಲ್ಲಿ ಪೋರ್ಚುಗೀಸರ ಮಳಿಗೆಯ ಮೇಲೆ ದಾಳಿಯಾಗಿ ಸುಮಾರು ಐವತ್ತು ಮಂದಿ ಸತ್ತರು, ಅವನು ಪಟ್ಟಣದ ಮೇಲೆ ಫಿರಂಗಿ ಹಾರಿಸಿ ಹೋದ. ಆ ಸೇಡನ್ನು ಹೊತ್ತುಕೊಂಡು 1502ರಲ್ಲಿ ಗಾಮ ದೊಡ್ಡ ಪಡೆಯೊಂದಿಗೆ ಬಂದ. ಮೊದಲು ಸಿಕ್ಕಿದ್ದು ನಮ್ಮ ತೀರವೇ. ಗಾಸ್ಪರ್ ಕೊರಿಯಾ ಎಂಬ ಪೋರ್ಚುಗೀಸ್ ಚರಿತ್ರೆಕಾರ ಬರೆದಂತೆ ಅವನು ಹೊನ್ನಾವರದ ಮೇಲೆ ಬಿದ್ದು ದೋಣಿಗಳನ್ನು ಸುಟ್ಟ. ಭಟ್ಕಳದವರಿಂದ ವರ್ಷವರ್ಷ ಅಕ್ಕಿಯ ಕಪ್ಪ ಬರೆಸಿಕೊಂಡ, ಮೆಣಸಿನ ವ್ಯಾಪಾರ ಮಾಡಕೂಡದು, ಕಲ್ಲಿಕೋಟೆಗೆ ಹೋಗಕೂಡದು ಎಂದು ಕರಾರು ಹಾಕಿದ. ಮೆಣಸು ಬೆಳೆವ ಘಟ್ಟದ ಕೆಳಗಿನ ಬಂದರಿನವರು ಮೆಣಸು ಮಾರಬಾರದು! ಭಟ್ಕಳ ಎಂದರೆ ಆಗ ವಿಜಯನಗರಕ್ಕೆ ಕುದುರೆ ಇಳಿಯುವ ರೇವು, ಬಡ ಹಳ್ಳಿಯಲ್ಲ. ನಮ್ಮ ಜಿಲ್ಲೆಯ ಮಕ್ಕಳು ಗಾಮನ ಹೆಸರು ಬಲ್ಲರು. ಅವನು ತಮ್ಮೂರಿಗೆ ಬಂದಿದ್ದ ಎಂದು ಅವರಿಗೆ ಯಾರೂ ಹೇಳಿಲ್ಲ.

ಆಮೇಲೆ ಮೀರಿ. ಅದು ಹಡಗಿನ ಹೆಸರು. ಮೆಕ್ಕಾ ಯಾತ್ರೆ ಮುಗಿಸಿ ಕಲ್ಲಿಕೋಟೆಗೆ ಮರಳುತ್ತಿದ್ದ ಕೆಲವು ನೂರು ಜನ, ಗಂಡಸರು, ಹೆಂಗಸರು, ಮಕ್ಕಳು. ಗಾಮ ಅದನ್ನು ಮಲಬಾರಿನ ತೀರದ ಹೊರಗೆ ತಡೆದ. ಅದರಲ್ಲಿದ್ದ ಶ್ರೀಮಂತ ವ್ಯಾಪಾರಿ ತಮ್ಮೆಲ್ಲರ ಜೀವಕ್ಕೆ ಬದಲಾಗಿ ಹೊರೆಹೊರೆ ಮೆಣಸು ತುಂಬಿಸಿಕೊಡುತ್ತೇನೆಂದ. ಗಾಮ ಒಪ್ಪಲಿಲ್ಲ. ಇದ್ದ ಸರಕನ್ನು ಇಳಿಸಿಕೊಂಡು, ಜನರನ್ನು ಒಳಗೇ ಬಿಟ್ಟು ಹಡಗಿಗೆ ಬೆಂಕಿ ಹಾಕಿಸಿದ. ಹೆಂಗಸರು ಒಡವೆಗಳನ್ನೂ ಕೈಗೂಸುಗಳನ್ನೂ ಎತ್ತಿ ಹಿಡಿದು ತೋರಿಸುತ್ತ ದಯೆ ಬೇಡಿದರು. ಇದನ್ನು ಬರೆದವನು ಅದೇ ಪಡೆಯಲ್ಲಿದ್ದ ತೊಮೆ ಲೋಪೆಸ್ ಎಂಬ ಪೋರ್ಚುಗೀಸನೇ. ಆ ದಿನವನ್ನು ತಾನು ಬದುಕಿರುವವರೆಗೂ ಮರೆಯಲಾರೆ ಎಂದಿದ್ದಾನೆ. ಸುಮಾರು ಇಪ್ಪತ್ತು ಮಕ್ಕಳನ್ನು ಮಾತ್ರ ಕ್ರೈಸ್ತರನ್ನಾಗಿ ಮಾಡಲೆಂದು ಇಳಿಸಿಕೊಂಡರು. ಮುಂದೆ ಕಲ್ಲಿಕೋಟೆಗೆ ಹೋಗಿ, ನಿನ್ನ ಪಟ್ಟಣದ ಮುಸ್ಲಿಮರನ್ನೆಲ್ಲ ಹೊರಗೆ ಹಾಕು ಎಂದು ಸಾಮೂದಿರಿಗೆ ಹೇಳಿಕಳಿಸಿದ. ಸಾಮೂದಿರಿ ಹಾಕಲಿಲ್ಲ. ಮೀನು ಮಾರಲು ದೋಣಿಯಲ್ಲಿ ಹತ್ತಿರ ಬಂದ ಬಡವರನ್ನು ಹಿಡಿದು ಹಡಗಿನ ಕಂಬಗಳಿಗೆ ನೇತುಹಾಕಿಸಿ, ಕೈ ಕಾಲು ತಲೆ ಕಡಿಸಿ ದೋಣಿಯಲ್ಲಿ ತುಂಬಿಸಿ ದಡಕ್ಕೆ ಕಳಿಸಿದ. ಎರಡು ದಿನ ಪಟ್ಟಣದ ಮೇಲೆ ಫಿರಂಗಿ ಹಾರಿಸಿದ. ಆ ಹೊತ್ತಿಗೆ ಲಿಸ್ಬನ್ನಿನ ಅರಸ ಮನುಯೆಲ್, ಇಥಿಯೋಪಿಯಾ, ಅರೇಬಿಯಾ, ಪರ್ಷಿಯಾ ಮತ್ತು ಭಾರತದ ನೌಕಾಯಾನಕ್ಕೂ ವ್ಯಾಪಾರಕ್ಕೂ ತಾನೇ ಒಡೆಯ ಎಂಬ ಬಿರುದು ಧರಿಸಿಯಾಗಿತ್ತು. ಇನ್ನು ಕೆಲವೇ ವರ್ಷಗಳಲ್ಲಿ ನಮ್ಮವರು ನಮ್ಮ ಕಡಲಿನಲ್ಲಿ ಓಡಾಡಲು ಪೋರ್ಚುಗೀಸರ ಚೀಟಿ ಕೊಳ್ಳಬೇಕಾಯಿತು. ಕರ್ತಾಜ್ ಎಂದು ಅದರ ಹೆಸರು. ಚೀಟಿಯಿಲ್ಲದ ಹಡಗು ಅವರ ಪಾಲಿಗೆ ಕೊಳ್ಳೆಯ ಸರಕು.

ಮೀನುಗಾರರನ್ನು ಕೊಂದದ್ದನ್ನು ಬರೆಯುವಾಗ ನನ್ನ ಕೈ ನಿಂತಿತು. ನಾನು ಸೊನ್ನೆ ಹಾಕಿದ್ದು ಯಾರ ಮಗನಿಗೆ ಎಂದು ನೆನಪಾಯಿತು.

ಈ ಮಾತನ್ನು ಸಿಬ್ಬಂದಿ ಕೋಣೆಯಲ್ಲಿ ತೆಗೆದಾಗ ಸಹೋದ್ಯೋಗಿಯೊಬ್ಬರು, 'ಕಂಡುಹಿಡಿದ ಅಂದ್ರೆ ಯುರೋಪಿನವರ ಪಾಲಿಗೆ ಕಂಡುಹಿಡಿದ ಅಂತ ಅರ್ಥ ಮಾಡ್ಕೋಬೇಕಪ್ಪ' ಎಂದರು. ಹಾಗಿದ್ದರೆ ಹಾಗೆಯೇ ಬರೆಯಿರಿ. ಎರಡು ಶಬ್ದಕ್ಕೆ ಎಷ್ಟು ಶಾಯಿ ಬೇಕು? ಕನ್ನಡದಲ್ಲಿ, ಕನ್ನಡ ಮಕ್ಕಳಿಗಾಗಿ ಅಚ್ಚಾದ ವಾಕ್ಯವನ್ನು ಹೇಳುತ್ತಿರುವವರು ಯಾರು ಎಂದು ನೋಡಿ. ಕಾರವಾರದ ಮಗು ಲಿಸ್ಬನ್ನಿನ ದಂಡೆಯ ಮೇಲೆ ನಿಂತು, ಕಣ್ಣಿಗೆ ಕೈ ಅಡ್ಡ ಹಿಡಿದು, ಅಗೋ ಕಾರವಾರ ಸಿಕ್ಕಿತು ಎಂದು ಕುಣಿಯಬೇಕು! ಇನ್ನೊಬ್ಬರು ಮೆಣಸಿನಕಾಯಿಯ ಮಾತೆತ್ತಿದರು. ಪೋರ್ಚುಗೀಸರು ಬರದಿದ್ದರೆ ನಮಗೆ ಮೆಣಸಿನಕಾಯಿ ಇಲ್ಲ, ಗೇರುಬೀಜ ಇಲ್ಲ, ಅನಾನಸು ಇಲ್ಲ ಎಂದು. ನಿಜ. ಅಮೆರಿಕದಿಂದ ಅವರು ತಂದ ಮೆಣಸಿನಕಾಯಿ ಎಷ್ಟು ಹಬ್ಬಿತೆಂದರೆ ಮನೆಯ ಮೆಣಸನ್ನು ನಾವು ಕಾಳುಮೆಣಸು, ಒಳ್ಳೆಮೆಣಸು ಎಂದು ಬೇರೆ ಕರೆಯಬೇಕಾಯಿತು. ನಾನೂ ದಿನಾ ಅರೆಯುತ್ತೇನೆ. ಮೀರಿಯ ಹೆಂಗಸರ ಲೆಕ್ಕಕ್ಕೆ ಅದನ್ನು ಜಮಾ ಹಾಕಲು ಮಾತ್ರ ನನ್ನಿಂದಾಗದು.

ಎದುರು ಕಡೆಯವರ ಮೇಲೂ ನನಗೆ ಸಿಟ್ಟಿದೆ. ಕೆಲವು ವರ್ಷಗಳ ಹಿಂದೆ ಶಾಲೆಯೊಂದರ ಕಾರ್ಯಕ್ರಮಕ್ಕೆ ಬಂದ ಭಾಷಣಕಾರರು ಗಾಮನನ್ನು ಅರ್ಧ ಗಂಟೆ ಬೈದರು. ಪರಂಗಿ, ಕಟುಕ, ಕಳ್ಳ ಎಂದೆಲ್ಲ. ಮಕ್ಕಳು ಚಪ್ಪಾಳೆ ತಟ್ಟಿದರು. ನಾನು ಮೀರಿಯ ಹೆಸರು ಬಂದೀತೆಂದು ಕಾದೆ. ಬರಲಿಲ್ಲ. ಕೆಳಗಿಳಿದ ಮೇಲೆ ಕೇಳಿದೆ. ಗೊತ್ತಿತ್ತು ಅವರಿಗೆ. 'ಅದು ಹಜ್ ಯಾತ್ರಿಕರದ್ದಲ್ವೇ' ಎಂದು ಬೇರೆ ಕಡೆ ನೋಡಿದರು. ಸುಟ್ಟವನನ್ನು ಬೈಯಬಹುದು, ಸುಟ್ಟುಹೋದವರ ಗುರುತು ಹೇಳಬಾರದು. ಇದು ಯಾವ ಇತಿಹಾಸ? ಸಾಮೂದಿರಿ ತನ್ನ ಪಟ್ಟಣ ಪುಡಿಯಾದರೂ ಯಾರನ್ನು ಹೊರಗೆ ಹಾಕಲು ಒಪ್ಪಲಿಲ್ಲವೋ ಅವರನ್ನು ಇವರು ಒಂದು ಭಾಷಣದಲ್ಲಿ ಹೊರಗೆ ಹಾಕಿದರು. ಹಾಗೆಯೇ ನಮ್ಮವರೆಲ್ಲ ಒಂದಾಗಿ ಪರಂಗಿಯವರನ್ನು ಎದುರಿಸಿದರು ಎನ್ನುವುದೂ ಸುಳ್ಳು. ಕೊಚ್ಚಿಯ ಅರಸ, ಕಣ್ಣೂರಿನ ಅರಸ ಕಲ್ಲಿಕೋಟೆಯ ಮೇಲಿನ ಹೊಟ್ಟೆಯುರಿಗೆ ಅವರನ್ನು ಕರೆದು ಕೂರಿಸಿಕೊಂಡರು. ಹೊನ್ನಾವರದ ತಿಮ್ಮೋಜ ಗಾಮನ ಮೇಲೆ ಹಡಗು ಬಿಟ್ಟವನೇ, 1510ರಲ್ಲಿ ಅಲ್ಬುಕರ್ಕನಿಗೆ ಗೋವೆ ಹಿಡಿಯಲು ದಾರಿ ತೋರಿಸಿದವನೂ ಅವನೇ. ಗಾಮ ಬರುವ ಮೊದಲು ನಮ್ಮ ಕಡಲಿನಲ್ಲಿ ಕಳ್ಳರಿರಲಿಲ್ಲ ಎನ್ನುವವರು ಈ ತಿಮ್ಮೋಜನ ಕಸುಬೇನೆಂದು ವಿಚಾರಿಸಲಿ.

ನನ್ನ ಬೇಡಿಕೆ ದೊಡ್ಡದಲ್ಲ. ಗಾಮನ ಪಾಠ ತೆಗೆಯಿರಿ ಎಂದು ನಾನು ಹೇಳುವುದಿಲ್ಲ, ತೆಗೆದರೆ ಅವನು ಸುಟ್ಟವರೂ ಅವನೊಂದಿಗೇ ಹೋಗುತ್ತಾರೆ. ಪ್ರಶ್ನೆ ಬದಲಿಸಿ. 'ಯುರೋಪಿನಿಂದ ಆಫ್ರಿಕಾ ಸುತ್ತಿ ಭಾರತಕ್ಕೆ ಮೊದಲು ಬಂದ ನಾವಿಕ ಯಾರು? ಮಲಿಂದಿಯಿಂದ ಕಲ್ಲಿಕೋಟೆಗೆ ಅವನಿಗೆ ಯಾರ ಸಹಾಯ ಸಿಕ್ಕಿತು?' ಎರಡು ಅಂಕ ಕೊಡಿ. 'ಬರುವಾಗ 23 ದಿನ, ಹೋಗುವಾಗ 89 ದಿನ ಏಕೆ?' ಎಂದು ಕೇಳಿ, ಮೂರು ಅಂಕ ಕೊಡಿ. ಕಡಲತೀರದ ಶಾಲೆಗಳ ಮಕ್ಕಳು ಪೇಟೆಯ ಮಕ್ಕಳಿಗಿಂತ ಚೆನ್ನಾಗಿ ಬರೆಯುವ ಒಂದಾದರೂ ಪ್ರಶ್ನೆ ನಮ್ಮ ಪತ್ರಿಕೆಯಲ್ಲಿ ಇರಲಿ. ತರಬೇತಿ ಶಿಬಿರಗಳಲ್ಲಿ ಇದನ್ನು ಎರಡು ಸಲ ಎದ್ದು ನಿಂತು ಹೇಳಿದ್ದೇನೆ. 'ಒಳ್ಳೆ ಸಲಹೆ ಮೇಡಂ' ಎಂದು ಬರೆದುಕೊಂಡರು. ಆಮೇಲೆ ಚಹಾ ಬಂತು.

ಕಳೆದ ಜೂನಿನಲ್ಲಿ ಆ ಹುಡುಗ ಶಾಲೆಗೆ ಬಂದ. ಹುಡುಗ ಎಂದೆ, ನಲವತ್ತು ಮುಟ್ಟಿದ್ದಾನೆ, ಕಿವಿಯ ಪಕ್ಕ ನರೆತಿದೆ. ನಾನು ಆ ಊರು ಬಿಟ್ಟು, ಮೂರು ಕಡೆ ಸುತ್ತಿ, ಈಗ ಅವನ ಹೆಂಡತಿಯ ಊರಿನ ಶಾಲೆಯಲ್ಲಿದ್ದೇನೆ. ದೋಣಿಯ ತಾಂಡೇಲನಂತೆ. ಮಗಳನ್ನು ಎಂಟನೆಯ ತರಗತಿಗೆ ಸೇರಿಸಲು ಬಂದಿದ್ದ, ಮೀನುಗಾರಿಕೆ ನಿಂತ ತಿಂಗಳಾದ್ದರಿಂದ ಪುರುಸೊತ್ತು. ಫಾರಂ ತುಂಬಿಸಿಕೊಂಡ ಮೇಲೆ ನಾನು ಹಳೆಯ ಮಾತು ತೆಗೆದು, ಅವತ್ತು ನಿನ್ನ ಉತ್ತರ ಸರಿಯಿತ್ತು, ನಾನೇ ತಪ್ಪು ಮಾಡಿದೆ ಎಂದೆ. ಅವನಿಗೆ ನೆನಪೇ ಇರಲಿಲ್ಲ, ಅಥವಾ ಇಲ್ಲವೆಂದ. ನಾಚಿಕೆಯಿಂದ ನಕ್ಕ. ದೋಣಿಯಲ್ಲಿ ಈಗ ಜಿಪಿಎಸ್ ಇದೆ ಟೀಚರ್, ದಾರಿ ಯಾರನ್ನೂ ಕೇಳುವುದು ಬೇಡ ಎಂದ. ಹೊರಡುವಾಗ ಬಾಗಿಲ ಬಳಿ ನಿಂತು ಮಗಳ ತಲೆಯ ಮೇಲೆ ಕೈಯಿಟ್ಟು ಕೇಳಿದ. 'ಹಾಗಾದ್ರೆ ಈಗ ಪರೀಕ್ಷೆಯಲ್ಲಿ ಆ ಪ್ರಶ್ನೆ ಬಂದ್ರೆ ಇವಳು ಏನು ಬರೀಬೇಕು?'

ಆ ಮಗು ನನ್ನ ಮುಖವನ್ನೇ ನೋಡುತ್ತಿತ್ತು. ವಾಸ್ಕೋ ಡ ಗಾಮ ಎಂದೇ ಬರೆಯಲಿ, ಅಂಕ ಹೋಗುತ್ತದೆ, ಎಂದೆ.